ಹದಿನಾಲ್ಕನೇ ಮಹಡಿಯ ನೀರು

ಅನ್ಯಗ್ರಹದವರು ಹೈದರಾಬಾದಿನ ಮೇಲೆ ದಾಳಿ ಮಾಡುವ ಕಾದಂಬರಿಯೊಂದನ್ನು ನಾನು ಎರಡು ವರ್ಷದಿಂದ ಬರೆಯುತ್ತಿದ್ದೆ. ಹದಿಹರೆಯದವರಿಗಾಗಿ, ಕನ್ನಡದಲ್ಲಿ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದನ್ನು ಮೊದಲು ಕೇಳಿಸಿಕೊಂಡವಳು ಹನ್ನೆರಡು ವರ್ಷದ ಒಬ್ಬ ಹುಡುಗಿ. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಅವಳ ಮನೆಯವರು ಯಾದಗಿರಿ ಕಡೆಯಿಂದ ಬಂದಿದ್ದರು. ತಾಯಿ ಮೇಲೆ ದುಡಿಯುವಾಗ ಅವಳು ಪುಟ್ಟ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಗೇಟಿನ ಬೇವಿನ ನೆರಳಿಗೆ ಬರುತ್ತಿದ್ದಳು.

ಒಂದು ದಿನ ಅಲ್ಲಿನ ಬೆಂಚಿನ ಮೇಲೆ ಕುಳಿತು ಹುಬ್ಬಳ್ಳಿಯ ಸೋದರತ್ತೆಯ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದ್ದೆ. ಹುಡುಗಿ ಹತ್ತಿರ ಬಂದಳು.

“ಅಕ್ಕಾರ, ನಿಮಗ ನಮ್ಮ ಮಾತು ಬರ್ತೈತಿ! ಮತ್ತ ವಾಚ್‌ಮನ್ ಜೋಡಿ ಯಾಕ ತೆಲುಗು ಹೊಡೀತೀರಿ?”

“ಅವಗ ಕನ್ನಡ ಬರಂಗಿಲ್ಲ” ಎಂದೆ. ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಕೇಳಿದಳು. ಹೇಳಿದೆ. “ಓದ್ರಿ” ಎಂದಳು.

ಅಂದಿನಿಂದ ದಿನವೂ ನಾಲ್ಕು ಗಂಟೆಗೆ ಓದುತ್ತಿದ್ದೆ. ಅವಳು ಸುಮ್ಮನೆ ಕೇಳುವವಳಲ್ಲ. “ಆಕಾಶದಿಂದ ಅಷ್ಟು ದೊಡ್ಡ ಹಡಗ ಇಳೀತು, ಒಂದ ನಾಯಿನೂ ಬೊಗಳಲಿಲ್ಲೇನ್ರಿ?” ಆ ಸಂಜೆಯೇ ನಾಯಿ ಸೇರಿಸಿದೆ.

ಅಷ್ಟರಲ್ಲಿ ಪಕ್ಕದ ಕಟ್ಟಡದ ಕೊನೆಯ ಸ್ಲ್ಯಾಬ್ ಮುಗಿದಿತ್ತು. ಭಾನುವಾರ ಲಾರಿ ಬರುತ್ತದೆ, ಬೇರೆ ಸೈಟಿಗೆ ಹೋಗುತ್ತೇವೆ, ಅಷ್ಟರೊಳಗೆ ಕಥೆ ಮುಗಿಸಿ ಎಂದಳು. ಶುಕ್ರವಾರ ಹತ್ತನೆಯ ಅಧ್ಯಾಯ ಓದಿದೆ. ಅಕ್ಕ ತಮ್ಮ ಇಬ್ಬರೇ ಉಳಿದು, ಅರ್ಧ ಕಟ್ಟಿದ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ಅಡಗುತ್ತಾರೆ. ಕೆಳಗೆ ಶತ್ರುಗಳ ಕಾವಲು. ಮೂರನೆಯ ದಿನ ತಮ್ಮ ಬಾಯಾರಿ ಸಾಯುತ್ತಾನೆ. ಗಂಭೀರ ಪುಸ್ತಕದಲ್ಲಿ ಒಂದು ಸಾವಾದರೂ ಇರಬೇಕು ಎಂದು ನಾನು ಆಗ ನಂಬಿದ್ದೆ.

ಓದಿ ತಲೆಯೆತ್ತಿದರೆ ಅವಳು ತಮ್ಮನನ್ನು ಎತ್ತಿಕೊಂಡು ಹೊರಟೇಬಿಟ್ಟಿದ್ದಳು.

ಶನಿವಾರ ನಾಲ್ಕಕ್ಕೆ ಬರಲಿಲ್ಲ. ಕರೆಯದೆ ಯಾರ ಮನೆಗೂ ಹೋಗದ ನಾನು ಅವರ ತಗಡಿನ ಶೆಡ್ಡಿಗೆ ಹೋದೆ. ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

“ಕೂಸಿನ್ನ ಕೊಂದ್ರಿ.”

“ನೀರಿಲ್ಲಲ್ಲ. ಕರೆಂಟ್ ಹೋಗೇತಿ, ಪಂಪ್ ನಡಿಯಂಗಿಲ್ಲ. ಅಷ್ಟು ಮ್ಯಾಲೆ ನೀರು ಎಲ್ಲಿಂದ ಬರಬೇಕು?” ಎಂದೆ.

“ಮ್ಯಾಲೆ ನೀರಿಲ್ಲಂತ ಯಾರ್ ಹೇಳ್ಯಾರ? ಯವ್ವಾ, ಈ ಅಕ್ಕಾರಿಗೆ ಹೇಳ.”

ಕೌದಿ ಸುತ್ತುತ್ತಿದ್ದ ತಾಯಿ ನಕ್ಕಳು. “ಹೊಸಾ ಸ್ಲ್ಯಾಬಿನ ಮ್ಯಾಲೆ ಸಣ್ಣ ಸಣ್ಣ ಬದು ಕಟ್ಟಿ ನೀರು ನಿಲ್ಲಸ್ತೀವ್ರಿ, ಹೊಲದಾಗ ಮಡಿ ಮಾಡಿದಂಗ. ಇಲ್ಲಂದ್ರ ಸೀಳು ಬಿಡ್ತೈತಿ. ನಂದು ಅದ ಕೆಲಸ.”

ಎಂಟನೇ ಮಹಡಿಯ ನನ್ನ ಕಿಟಕಿಯಿಂದ ಆ ಕಟ್ಟಡ ಇನ್ನೂ ಗಿಡ್ಡವಿದ್ದಾಗ ಅದರ ನೆತ್ತಿಯ ಮೇಲೆ ಹೊಳೆಯುವ ಚೌಕಗಳನ್ನು ದಿನಾ ನೋಡುತ್ತಿದ್ದೆ. ಅವು ಏನೆಂದು ಒಮ್ಮೆಯೂ ಯೋಚಿಸಿರಲಿಲ್ಲ.

“ಆ ನೀರು ಕುಡಿಬಹುದೇನ್ರಿ?”

“ಮೊದಲಿನ ನೀರು ಸುಣ್ಣದಂಗ, ಬಾಯಿ ಸುಡ್ತೈತಿ. ವಾರ ಕಳದಿದ್ದಾದ್ರ ಅರಿವ್ಯಾಗ ಸೋಸಬೇಕ್ರಿ, ಸೊಳ್ಳಿ ಮರಿ ಇರ್ತಾವ. ಛಲೋ ನೀರಲ್ಲ. ಆದ್ರ ಸಾಯೋದಕ್ಕಿಂತ ಪಾಡ.”

ಭಾನುವಾರ ಬೆಳಗಾಗುತ್ತಲೇ ಎದ್ದು ಅಧ್ಯಾಯವನ್ನು ಮತ್ತೆ ಬರೆದೆ. ಒಂಬತ್ತಕ್ಕೆ ಕೆಳಗಿಳಿದಾಗ ತಗಡುಗಳೆಲ್ಲ ಲಾರಿ ಏರಿದ್ದವು. ಹುಡುಗಿ ಕೆಳಗೆ ನಿಂತಿದ್ದಳು, ತಮ್ಮ ಸೊಂಟದ ಮೇಲೆ. ಹತ್ತು ಜನರ ಎದುರು ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಕಥೆಯ ಅಕ್ಕ ವಾರ ಕಳೆದ ಸ್ಲ್ಯಾಬಿನ ಮಡಿಯಲ್ಲಿ ನೀರು ಕಾಣುತ್ತಾಳೆ. ದುಪಟ್ಟಾದಲ್ಲಿ ಸೋಸಿ, ತುದಿಯನ್ನು ಹಿಂಡಿ, ತಮ್ಮನ ಬಾಯಿಗೆ ಹನಿ ಹನಿಯಾಗಿ ಬಿಡುತ್ತಾಳೆ. ಡ್ರೈವರ್ ಹಾರ್ನ್ ಹೊಡೆದ. ನಾನು ವೇಗ ಹೆಚ್ಚಿಸಿದೆ. ಕಥೆಯ ತಮ್ಮ ನುಂಗಿದ.

“ಸಾಕ್ರಿ ಅಕ್ಕಾರ.”

“ಇನ್ನೂ ಎಂಟು ಪುಟ ಅದಾವ.”

“ಇರ್ಲಿ ಬಿಡ್ರಿ. ಇನ್ನ ಮುಂದ ತಮ್ಮನ್ನ ಹ್ಯಾಂಗ ನೋಡ್ಕೋಬೇಕಂತ ಅಕಿಗೆ ಗೊತ್ತೈತಿ.”

ತಮ್ಮನ ಮೂಗು ಒರೆಸಿ, ಅವನನ್ನು ಮೇಲಿದ್ದ ತಾಯಿಯ ಕೈಗೆ ಕೊಟ್ಟು, ಲಾರಿ ಹತ್ತಿದಳು.