ಕಾಯಿಲೆಗೊಂದು ಸನ್ಮಾನ

ಜ್ವರಕ್ಕೆ ಹಾರ ಹಾಕಿದ್ದನ್ನು ನೀವು ನೋಡಿದ್ದೀರಾ? ಕೆಮ್ಮಿಗೆ ಶಾಲು ಹೊದಿಸಿದ್ದನ್ನು? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ನನ್ನ ಕೈಯಿಂದಲೇ ಹೊದಿಸಿದರು.

ಹೋದ ಶ್ರಾವಣದ ಮಾತು. ಮೈಸೂರಿನ ವಿಜಯನಗರದ ಒಂದು ಮಹಿಳಾ ಸಂಘದವರು ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. (ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಮುಖ ತೋರಿಸುವವರಿಗೆ ಶ್ರಾವಣದಲ್ಲಿ ಬೇಡಿಕೆ ಜಾಸ್ತಿ.) ಪ್ರಾರ್ಥನೆ, ಸ್ವಾಗತ, ಕೋಲಾಟ ಎಲ್ಲ ಆದ ಮೇಲೆ 'ಆದರ್ಶ ಸೊಸೆ'ಗೆ ಸನ್ಮಾನ. ಆ ವರ್ಷದ ಆದರ್ಶ ಸೊಸೆ ನನಗೆ ಚೆನ್ನಾಗಿ ಗೊತ್ತಿದ್ದವಳೇ. ಹೆಸರು ಶೋಭಾ. ನನ್ನಮ್ಮನ ದೊಡ್ಡಪ್ಪನ ಮಗಳು ಗೌರಮ್ಮ ಇದ್ದಾರಲ್ಲ, ನನಗೆ ಚಿಕ್ಕಮ್ಮ ಆಗಬೇಕು, ಅವರ ಸೊಸೆ. ಮದುವೆಯಾದ ಹೊಸದರಲ್ಲಿ ಸರಸ್ವತಿಪುರಂನಲ್ಲಿ ನಮ್ಮ ಮನೆ ಹತ್ತಿರದ ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಪಾಠ ಮುಗಿಸಿ ನಮ್ಮ ಮನೆಗೆ ಬಂದು, ಚಪ್ಪಲಿಯನ್ನು ಎಲ್ಲೆಂದರಲ್ಲಿ ಬಿಟ್ಟು, ನೇರ ಅಡುಗೆಮನೆಗೆ ನುಗ್ಗಿ ಡಬ್ಬಿಯಲ್ಲಿದ್ದ ಚಕ್ಕುಲಿಗೆ ಕೈಹಾಕುತ್ತಿದ್ದ ಹುಡುಗಿ. ಆಮೇಲೆ ಪಾಠ ಬಿಟ್ಟಳು, ಬರುವುದೂ ನಿಂತಿತು. ಮಗು ಆಯಿತಲ್ಲ, ಬಿಡುವಿರುವುದಿಲ್ಲ ಎಂದುಕೊಂಡಿದ್ದೆ.

ಮೈಕಿನಲ್ಲಿ ಅವಳ ಗುಣಗಾನ ಶುರುವಾಯಿತು. ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಊಟದ ಹೊತ್ತಿನವರೆಗೂ ಏಳುವುದಿಲ್ಲವಂತೆ. ಯಾರಾದರೂ ಸೋಕಿದರೆ ಮತ್ತೆ ಸ್ನಾನವಂತೆ. ಅಡುಗೆಮನೆಯನ್ನು ತೊಳೆದದ್ದನ್ನೇ ತೊಳೆಯುತ್ತಾರಂತೆ. ಈ ಕಾಲದಲ್ಲೂ ಇಂಥ ಸೊಸೆ ಸಿಗಬೇಕಾದರೆ ಅತ್ತೆ ಪುಣ್ಯ ಮಾಡಿರಬೇಕಂತೆ. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ಗೌರಮ್ಮ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡಿದರು.

ನಾನು ಶಾಲು ಹೊದಿಸಲು ಹತ್ತಿರ ಹೋದೆ. ಹುಡುಗಿ ಮೈಯನ್ನೆಲ್ಲ ಹಿಡಿಮಾಡಿಕೊಂಡು ನಿಂತಿದ್ದಳು. ಹಣ್ಣಿನ ತಟ್ಟೆಗೆ ಕೈಚಾಚಲಿಲ್ಲ. ಆಗ ಕೈ ನೋಡಿದೆ. ಗೆಣ್ಣುಗಳ ಮೇಲೆ ಚರ್ಮ ಒಡೆದು ಕೆಂಪಗೆ ಬಾಯಿಬಿಟ್ಟಿತ್ತು. ಬೆರಳುಗಳು ದಿನವಿಡೀ ನೀರಿನಲ್ಲಿಟ್ಟು ತೆಗೆದ ಹಾಗೆ ಬೆಳ್ಳಗೆ ಸುಕ್ಕಾಗಿದ್ದವು. ತಟ್ಟೆ ಹಿಡಿಯದಿದ್ದುದನ್ನು ಸಭೆ ಸಂಕೋಚ ಎಂದುಕೊಂಡಿತು. ಇನ್ನಷ್ಟು ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಅವಳು ನನಗಷ್ಟೇ ಕೇಳುವಂತೆ ಹೇಳಿದಳು:

"ಅಕ್ಕ, ಮುಟ್ಬೇಡಿ. ಮುಟ್ಟುದ್ರೆ ಮನೆಗೆ ಹೋಗಿ ಮತ್ತೆ ಎಲ್ಲಾ ಮೊದ್ಲಿಂದ ಶುರು ಮಾಡ್ಬೇಕು. ನಂಗೆ ನಿಲ್ಸಕ್ಕೇ ಆಗ್ತಿಲ್ಲ."

ಹೇಳಿ, ನಾನು ಆಮೇಲೆ ಏನು ಭಾಷಣ ಮಾಡಿರಬಹುದು?

ಆ ವಾರವೇ ಅವರ ಮನೆಗೆ ಹೋದೆ. ಗೌರಮ್ಮ ಚಿಕ್ಕಮ್ಮ ಮಠಕ್ಕೆ ಹೋಗಿದ್ದರು. ಶೋಭಾ ಬಾಗಿಲಾಚೆಯೇ ದೂರ ಕೂತು ಎಲ್ಲವನ್ನೂ ಹೇಳಿಕೊಂಡಳು. ಸ್ನಾನ ಮಾಡುತ್ತಾಳೆ, ಕೂರುತ್ತಾಳೆ, ಲಿಂಗವನ್ನು ಎಡಗೈಯಲ್ಲಿಟ್ಟುಕೊಳ್ಳುತ್ತಾಳೆ. ಆಗ ತಲೆಯೊಳಗೆ ಒಂದು ಹುಳ ಹೊಗುತ್ತದೆ. ಸ್ನಾನ ಆದ ಮೇಲೆ ನಲ್ಲಿ ಮುಟ್ಟಿದೆನೇ? ಬಾಗಿಲ ಚಿಲಕ? ಮೈಲಿಗೆಯಲ್ಲಿ ಪೂಜೆ ಮಾಡಿದರೆ ಮಗುವಿಗೆ ಏನಾದರೂ ಆದೀತೇ? ಏಳುತ್ತಾಳೆ. ಮತ್ತೆ ಸ್ನಾನ. ಮತ್ತೆ ಅದೇ ಅನುಮಾನ. ಇದು ಸುಳ್ಳು ಭಯ ಎಂದು ಅವಳಿಗೇ ಗೊತ್ತು. ಗಣಿತ ಓದಿದವಳಲ್ಲವೇ. ಗೊತ್ತಿದ್ದೂ ಬಿಡಲಾಗುವುದಿಲ್ಲ. ಅದೇ ಹಿಂಸೆ.

ಮಗಳು ಸಿಂಚನಾ ಎರಡನೇ ಕ್ಲಾಸು. ಸ್ಕೂಲ್ ವ್ಯಾನಿನಿಂದ ಇಳಿದರೆ ಅಜ್ಜಿಯೇ ಒಳಗೆ ಕರೆದುಕೊಳ್ಳಬೇಕು, ಅಜ್ಜಿಯೇ ಊಟ ಮಾಡಿಸಬೇಕು, ಅಜ್ಜಿಯ ಪಕ್ಕವೇ ಮಲಗಬೇಕು. ಅಮ್ಮನ ಹತ್ತಿರ ಹೋಗುವ ಹಾಗಿಲ್ಲ. ಮಗುವೂ ಪಾಪ ಕಲಿತುಬಿಟ್ಟಿದೆ. ನಾನು ಅಲ್ಲಿದ್ದಾಗಲೇ ಬಂತು, ಅವತ್ತು ಅಜ್ಜಿ ಇಲ್ಲದ್ದರಿಂದ ತಾನೇ ಗೇಟು ತೆಗೆದುಕೊಂಡು. ಅಮ್ಮನಿಗೆ ಒಂದು ಮಾರು ದೂರದಲ್ಲಿ ನಿಂತು ಸ್ಕೂಲಿನ ಸುದ್ದಿಯನ್ನೆಲ್ಲ ಹೇಳಿತು. ಅದು ಒಳಗೆ ಹೋದ ಮೇಲೆ ಶೋಭಾ ತನ್ನ ಕೈಯನ್ನೇ ನೋಡುತ್ತಾ ಹೇಳಿದಳು: "ಅವ್ಳನ್ನ ಎತ್ಕೊಂಡು ಎಷ್ಟು ಕಾಲ ಆಯ್ತೋ ಅಕ್ಕ."

ಇದಕ್ಕೆ ಸನ್ಮಾನ.

ಮನೆಯವರು ಡಾಕ್ಟರಿಗೆ ತೋರಿಸಿಲ್ಲವೇ? ತೋರಿಸಿದ್ದಾರೆ, ಚರ್ಮದ ಡಾಕ್ಟರಿಗೆ. ಅವರು ಕೊಟ್ಟ ಮುಲಾಮನ್ನು ಇವಳು ಹಚ್ಚಿದ ಕೂಡಲೇ ಸೋಪು ಹಾಕಿ ತೊಳೆದುಕೊಳ್ಳುತ್ತಾಳೆ.

ನನಗೊಬ್ಬಳು ಗೆಳತಿ ಇದ್ದಾಳೆ, ನಸ್ರೀನ್. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಮನಶ್ಶಾಸ್ತ್ರ ಓದಿ ಈಗ ಉದಯಗಿರಿಯ ತನ್ನ ಮನೆಯ ಮಹಡಿಯಲ್ಲೇ ಕೌನ್ಸೆಲಿಂಗ್ ಮಾಡುತ್ತಾಳೆ. ಅವಳಿಗೆ ಫೋನ್ ಮಾಡಿ, ಇದು ಓಸಿಡಿ ಅನ್ನುವ ಗೀಳಿನ ಕಾಯಿಲೆ ತಾನೇ ಎಂದೆ. ನೋಡದೆ ಹೆಸರಿಡಲ್ಲ ಕಣೇ ಎಂದು ಬಾಯಿ ಮುಚ್ಚಿಸಿದಳು. ಸರಿ, ನಿಮ್ಮ ಶಾಸ್ತ್ರದಲ್ಲಿ ಯಾವುದು ಸಹಜ ಯಾವುದು ಅಸಹಜ ಎಂದು ಹೇಗೆ ತೀರ್ಮಾನ ಮಾಡುತ್ತೀರಿ, ಅದನ್ನಾದರೂ ಹೇಳು ಎಂದೆ.

ನಸ್ರೀನ್ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಲ್ಲರ ಹಾಗಿಲ್ಲ ಎಂಬುದೊಂದೇ ಕಾಯಿಲೆಯಲ್ಲ. ಹಾಗೆಂದರೆ ನೂರಕ್ಕೆ ನೂರು ತೆಗೆಯುವ ಮಗುವನ್ನೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಸಮಾಜದ ಕಟ್ಟಳೆ ಮೀರಿದ್ದು ಎಂದರೂ ಸಾಲದು. ಕಟ್ಟಳೆ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಅಪಾಯ ಇದೆಯೇ ಎಂದು ಜನ ಮೊದಲು ಕೇಳುತ್ತಾರೆ. ಅದನ್ನೂ ನೋಡಬೇಕು. ಆದರೆ ಅವಳ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಯಾರ ತಂಟೆಗೂ ಹೋಗುವವರಲ್ಲ. ಹಾಗಾದರೆ ಮುಖ್ಯವಾದದ್ದೇನು? ಆ ಮನುಷ್ಯ ಒಳಗೆ ನರಳುತ್ತಿದ್ದಾನೆಯೇ? ಅದರಿಂದ ಅವನ ಕೆಲಸ, ಊಟ, ನಿದ್ದೆ, ಮನೆಯವರ ಜೊತೆಗಿನ ಬಾಳು ಕೆಡುತ್ತಿದೆಯೇ? ಅವನ ಜನದ ನಂಬಿಕೆ, ಪದ್ಧತಿಯಲ್ಲಿ ಅದು ಸಹಜವೇ, ಅಥವಾ ಅದನ್ನೂ ದಾಟಿದೆಯೇ? ಒಂದೇ ಅಳತೆಗೋಲು ಅಂತ ಇಲ್ಲ, ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗುತ್ತಾರೆ. ಸುಖವಾಗಿ ಕುಣಿಯುವವನು ವಿಚಿತ್ರ ಇರಬಹುದು, ರೋಗಿ ಆಗಬೇಕಿಲ್ಲ. ಎಲ್ಲ ಸರಿಯಾಗಿರುವ ಹಾಗೆ ಕಾಣುವವಳು ಒಳಗೊಳಗೇ ಬೇಯುತ್ತಿರಬಹುದು.

ಪದ್ಧತಿ ಎಂದಾಗ ನನಗೆ ನನ್ನಮ್ಮ ನೆನಪಾದಳು. ಅವಳೂ ದಿನಾ ವಿಭೂತಿ ಹಚ್ಚಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತಾ ಕೂರುತ್ತಿದ್ದಳು. ನಮ್ಮ ಆಚಾರ ಗೊತ್ತಿಲ್ಲದ ದೂರದ ದೇಶದವನೊಬ್ಬ ಕಿಟಕಿಯಲ್ಲಿ ಇಣುಕಿದ್ದರೆ, ಅಂಗೈ ಜೊತೆ ಮಾತಾಡುವ ಈ ಹೆಂಗಸಿಗೆ ಏನೋ ಆಗಿದೆ ಎನ್ನುತ್ತಿದ್ದ. ಆಗಿರಲಿಲ್ಲ. ಪೂಜೆ ಮುಗಿಸಿ ಏಳುವಾಗ ಅಮ್ಮನ ಮುಖದಲ್ಲಿ ನೆಮ್ಮದಿ ಇರುತ್ತಿತ್ತು. ಎದ್ದು ರೊಟ್ಟಿ ತಟ್ಟುತ್ತಿದ್ದಳು, ನಮಗೆ ಬೈಯುತ್ತಿದ್ದಳು, ಕೊಳೆ ಮೈಯಲ್ಲಿ ಓಡಿ ಬಂದ ನಮ್ಮನ್ನು ಹಾಗೇ ತಬ್ಬಿಕೊಳ್ಳುತ್ತಿದ್ದಳು. ಶೋಭಾ ಭಯದಿಂದ ಕೂರುತ್ತಾಳೆ, ಭಯದಿಂದಲೇ ಏಳುತ್ತಾಳೆ.

ಸಿಟ್ಟು ಬರುವುದು ಇಲ್ಲೇ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಮ್ಮ ಹಿರಿಯರು ಸಾರಿ ಸಾರಿ ಹೇಳಿದರು. ಮುಟ್ಟಿದರೆ ಮೈಲಿಗೆ ಎನ್ನುವುದನ್ನೇ ಹೊಸಿಲಾಚೆ ಇಟ್ಟ ಜನ ನಾವು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಗ್ರಾನೈಟ್ ಹಾಕಿಸಿದ ಮೇಲೆ ಅದೇ ಮೈಲಿಗೆಯನ್ನು ಹಿತ್ತಿಲ ಬಾಗಿಲಿಂದ ಒಳಗೆ ಕರೆದುಕೊಂಡೆವು. ಎಷ್ಟು ಮಡಿಯೋ ಅಷ್ಟು ಮರ್ಯಾದೆ. ನಮ್ಮದೇ ಪದ್ಧತಿಯಲ್ಲಿ ಇಲ್ಲದ್ದನ್ನು ಈ ಹುಡುಗಿ ಮಾಡುತ್ತಿದ್ದರೆ ಒಬ್ಬರಿಗಾದರೂ ಅನುಮಾನ ಬರಬೇಡವೇ? ಬರಲಿಲ್ಲ. ಹೆಮ್ಮೆ ಬಂತು.

ಗೌರಮ್ಮ ಚಿಕ್ಕಮ್ಮನ ಮುಂದೆ ಕೂತು ಮನೋವೈದ್ಯರ ಮಾತೆತ್ತಿದೆ. ಅವರ ಮುಖ ಕಪ್ಪಿಟ್ಟಿತು.

"ಏನಮ್ಮ, ನನ್ನ ಸೊಸೆ ಉಚ್ಚಿ ಅಂತೀಯಾ? ಭಕ್ತೀನ ಕಾಯ್ಲೆ ಅನ್ನೋರನ್ನ ಇವತ್ತೇ ಕಂಡಿದ್ದು ಕಣಮ್ಮ ನಾನು. ಉಚ್ಚು ನೋಡ್ಬೇಕಾ, ನಮ್ ರೋಡಲ್ಲೇ ಇದ್ದ ಒಬ್ಬ."

ಆ 'ಒಬ್ಬ' ಯಾರು ಗೊತ್ತೇ? ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಮದುವೆಯಾಗಿಲ್ಲ. ಸಂಜೆ ವಾಕಿಂಗ್ ಹೋಗುವಾಗ ಗಟ್ಟಿಯಾಗಿ ಹಾಡಿಕೊಂಡು, ಎದುರಿಗೆ ಸಿಕ್ಕ ನಾಯಿಗಳಿಗೆಲ್ಲ ನಮಸ್ಕಾರ ಹೇಳಿಕೊಂಡು ಹೋಗುತ್ತಿದ್ದರು. ಅಷ್ಟೇ. ಬಾಡಿಗೆ ಸರಿಯಾಗಿ ಕೊಡುತ್ತಿದ್ದರು, ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು, ಖುಷಿಯಾಗಿದ್ದರು. ಹೆಣ್ಣುಮಕ್ಕಳು ಓಡಾಡುವ ಜಾಗ, ಮೆಂಟಲ್ ಮನುಷ್ಯ ಬೇಡ ಎಂದು ಸಂಘದವರೇ ಮನೆ ಮಾಲೀಕರಿಗೆ ಹೇಳಿ ಖಾಲಿ ಮಾಡಿಸಿದ್ದರು. ಈಗ ಆ ರಸ್ತೆಯಲ್ಲಿ ಯಾರೂ ಹಾಡುವುದಿಲ್ಲ. ನಾಯಿಗಳಿಗೆ ಕಲ್ಲು ಮಾತ್ರ ಬೀಳುತ್ತದೆ.

ನಮ್ಮ ಲೆಕ್ಕ ಇಷ್ಟೇ ಸ್ವಾಮಿ. ನಮಗೆ ಇರಿಸುಮುರಿಸು ಮಾಡುವವನು ಮೆಂಟಲ್. ನಮಗೆ ಅನುಕೂಲವಾಗಿ ನರಳುವವಳು ಆದರ್ಶ. ನರಳುವವರನ್ನು ಕೇಳುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ಜಾತಿಯವರೂ ಇದ್ದಾರೆ. ಬೆಡ್‌ಶೀಟು ಮಡಿಸಿಟ್ಟು "ನಂಗೆ ಸ್ವಲ್ಪ ಓಸಿಡಿ ಕಣ್ರೀ" ಎಂದು ನಗುವವರು. ಅಂಥವರನ್ನು ಒಂದು ಬೆಳಗ್ಗೆ ಶೋಭಾಳ ಬಚ್ಚಲುಮನೆಯ ಬಾಗಿಲಲ್ಲಿ ನಿಲ್ಲಿಸಬೇಕು ಅನ್ನಿಸುತ್ತದೆ.

ಕೊನೆಗೆ ದಾರಿಗೆ ಬಂದವನು ಅವಳ ಗಂಡ ಮಹದೇವ. ಸ್ಟೀಲ್ ಪಾತ್ರೆ ಅಂಗಡಿಯವನು, ಅಮ್ಮನ ಎದುರು ಮಾತಾಡಿ ಅಭ್ಯಾಸವಿಲ್ಲದವನು. ಅವನನ್ನು ಅಂಗಡಿಯಲ್ಲೇ ಹಿಡಿದು, ನಿನ್ನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದ್ದು ಇದು ಎಂದೆ. ಅವನು ಬಹಳ ಹೊತ್ತು ಒಂದು ಕುಕ್ಕರ್ ಮುಚ್ಚಳವನ್ನು ಒರೆಸಿದ. ಮೈಸೂರಿನಲ್ಲಿ ಬೇಡ ಅಕ್ಕ, ಯಾರಾದರೂ ನೋಡಿಬಿಟ್ಟರೆ ಎಂದ. ಊರೆಲ್ಲ ನೋಡುವ ಹಾಗೆ ಮೆರೆಸಿದಾಗ ಈ ನಾಚಿಕೆ ಎಲ್ಲಿತ್ತಪ್ಪಾ ಎಂದೆ. ಜೋರಾಗಿಯೇ ಅಂದೆ. ಪಾತ್ರೆ ಕೊಳ್ಳಲು ಬಂದವರು ತಿರುಗಿ ನೋಡಿದರು.

ಅಮ್ಮನಿಗೆ ಹೊಸ ಸ್ಕಿನ್ ಡಾಕ್ಟರ್ ಎಂದು ಹೇಳಿ ಹೆಂಡತಿಯನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ವೈದ್ಯರು ಕೂತು ವಿಚಾರಿಸಿ, ಕಾಯಿಲೆಗೆ ಹೆಸರು ಹೇಳಿ ಮಾತ್ರೆ ಕೊಟ್ಟರು. ಜೊತೆಗೆ ವಾರವಾರ ನಸ್ರೀನ್ ಹತ್ತಿರ ಅಭ್ಯಾಸ. ಭಯವಾದರೂ ಎದ್ದು ಕೈ ತೊಳೆಯದೆ ಕೂರುವ ಅಭ್ಯಾಸ. ಮೊದಮೊದಲು ಶೋಭಾ ಅಲ್ಲಿಂದ ಅಳುತ್ತಲೇ ಮನೆಗೆ ಹೋಗುತ್ತಿದ್ದಳಂತೆ. ಪೂಜೆ ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಒಂದೇ ಸಲ ಮಾಡಿ ಏಳು ಎಂದರು. ಸುಲಭವಲ್ಲ, ಈಗಲೂ ಪೂರ್ತಿ ಸರಿಹೋಗಿಲ್ಲ. ಆದರೆ ಕೈ ಮೇಲಿನ ಗಾಯ ಮಾಯುತ್ತಿದೆ.

ಮೊನ್ನೆ ಗೌರಮ್ಮ ಚಿಕ್ಕಮ್ಮನ ಫೋನು. ಸ್ಕಿನ್ ಡಾಕ್ಟರ್ ಗುಟ್ಟು ರಟ್ಟಾಗಿರಬೇಕು, ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದೆ. ಗುಟ್ಟು ರಟ್ಟಾಗಿರಲಿಲ್ಲ. ಧ್ವನಿಯಲ್ಲಿ ನಿಜವಾದ ಆತಂಕವಿತ್ತು.

"ಶೋಭಾ ಮೊದ್ಲಿನಂಗಿಲ್ಲ ಕಣಮ್ಮ. ಪೂಜೆಗೆ ಕೂತೋಳು ತಿಂಡಿ ಒತ್ಗೆ ಎದ್ಬುಡ್ತಾಳೆ. ಇವತ್ತು ವ್ಯಾನಿಂದ ಇಳಿದ ಮಗೂನ ಅಂಗೇ ಎತ್ಕೊಂಡು, ಜಗಲಿ ಮೇಲೆ ಕೂತ್ಕಂಡು ನಗ್ತಾ ಇದ್ಲು. ನಂಗ್ಯಾಕೋ ಭಯ ಆಯ್ತದೆ. ನಿಂಗೆ ಗೊತ್ತಿರೋ ಮನಸ್ಸಿನ ಡಾಕ್ಟ್ರು ಅಂದ್ಯಲ್ಲ, ಅವರಿಗೆ ಒಂದ್ಸಲ ತೋರ್ಸಣ್ವಾ?"

ಗುಣವಾಗುವುದನ್ನೇ ಕಾಯಿಲೆ ಎನ್ನುವ ಮನೆಗೆ ನಾನು ಯಾವ ಡಾಕ್ಟರನ್ನು ಕರೆತರಲಿ, ನೀವೇ ಹೇಳಿ.