ತುಂಬು ಗಬ್ಬ ಅಂದಿದ್ದಳು ಅಕ್ಕ

ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕುವವರು ಬಂದ ದಿನ ನಮ್ಮೂರಿನ ಹಸುಗಳೆಲ್ಲ ಒಟ್ಟಿಗೆ ಗಬ್ಬವಾಗಿಬಿಡುತ್ತವೆ. ನಗಬೇಡಿ. ಸೂಜಿ ಬಿದ್ದ ಮೇಲೆ ಕೆಲವು ದಿನ ಹಾಲು ಇಳಿಯುತ್ತದೆ, ಹಾಲು ಇಳಿದರೆ ಡೈರಿಯ ಬಟವಾಡೆಯೂ ಇಳಿಯುತ್ತದೆ. ಲಸಿಕೆ ಪುಕ್ಕಟೆ ಅನ್ನುತ್ತಾರೆ ಸರ್ಕಾರದವರು. ಹಾಲು ಕರೆಯುವವಳಿಗೆ ಅದು ಪುಕ್ಕಟೆ ಅಲ್ಲ. ದಿನ ತುಂಬುತ್ತಿರುವ ಗಬ್ಬದ ಹಸುವಿಗೆ ಮಾತ್ರ ಹಾಕದೆ ಬಿಡುತ್ತಾರೆ. ಅದು ಗೊತ್ತಾದ ಮೇಲೆ, ಕೊಟ್ಟಿಗೆ ಬಾಗಿಲಲ್ಲೇ ನಿಂತು ‘ತುಂಬು ಗಬ್ಬ ಕಣ್ರೀ’ ಅಂದುಬಿಡುವುದು ನಮ್ಮಲ್ಲಿ ವಾಡಿಕೆಯಾಯಿತು. ನಾನೂ ಅಂದವಳೇ. ವಾರದ ಕರು ಪಕ್ಕದಲ್ಲೇ ನಿಂತು ಹಾಲು ಕುಡಿಯುತ್ತಿರುವಾಗ ಅಂದಿದ್ದೆ, ಎಂಥಾ ಬಾಯಿ ನನ್ನದು!

ಆಮೇಲೆ ನನ್ನನ್ನು ಮಹಿಳಾ ಡೈರಿಗೆ ಅಧ್ಯಕ್ಷೆ ಮಾಡಿದರು. ತಿಪಟೂರಿಗೆ ತರಬೇತಿಗೆ ಹೋದೆ. ಬಾಯಿ ಹುಣ್ಣಾಗಿ, ಗೊರಸು ಬಿಟ್ಟು ನರಳುವ ಹಸುಗಳನ್ನು ಅಲ್ಲಿ ಪರದೆಯ ಮೇಲೆ ತೋರಿಸಿದರು. ಅವತ್ತು ಊಟ ಸೇರಲಿಲ್ಲ. ಊರಿಗೆ ಬಂದವಳು ಲಸಿಕೆಯ ದಿನ ಡಾಕ್ಟರಿಗಿಂತ ಮುಂದೆ ನಡೆಯತೊಡಗಿದೆ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಅಂತಾರಲ್ಲ, ಯಾರ ಸುಳ್ಳು ಯಾವ ತರಹದ್ದು ಅಂತ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಬೇಲಿಯಾಚೆ ಒಬ್ಬ ಅಕ್ಕ ಇದ್ದಾಳೆ. ಒಡಹುಟ್ಟಿದವಳಲ್ಲ, ಕರೆದು ಕರೆದು ಅಕ್ಕ ಆದವಳು. ಗಂಡ ಹೋದ ಮೇಲೆ ಒಂದು ಹಸು, ಇನ್ನೂ ಕರು ಹಾಕದ ಒಂದು ಕಡಸು, ಒಂದಿಷ್ಟು ತೆಂಗು ಇಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿದ್ದಾಳೆ. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ, ಆಡಿದ ಮಾತು ತಿರುಗಿಸಿದವಳಲ್ಲ. ಕಳೆದ ವರ್ಷ ಡಾಕ್ಟರ ಜೊತೆ ಅವಳ ತೋಟಕ್ಕೆ ಹೋದಾಗ ಹಸುವನ್ನು ತಾನೇ ಹಿಡಿದು ತಂದಳು. ಕಡಸಿನ ಮುಂದೆ ಮಾತ್ರ ಅಡ್ಡ ನಿಂತಳು.

“ಇದುಕ್ ಬ್ಯಾಡ ಕಣೇ, ತುಂಬು ಗಬ್ಬ. ಮೊದಲ್ನೇ ಸೂಲು ನೋಡು, ಹೊಟ್ಟೆ ಗೊತ್ತಾಗಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ಪರೀಕ್ಷೆ ಮಾಡಿ ನೋಡಲಾ ಅಂದರು. ಬಿಸಿಲು ನೆತ್ತಿಗೆ ಬಂದಿತ್ತು, ಇನ್ನೂ ಅರ್ಧ ಊರು ಬಾಕಿ ಇತ್ತು, ಹಿಂದೆ ಹೆಂಗಸರ ಗುಂಪು ಬೇರೆ. ನನಗೆ ಹುಮ್ಮಸ್ಸು.

“ಚುಚ್ಚಿ ಸಾರ್. ನಮ್ಮೂರಲ್ಲಿ ಸೂಜಿ ಕಂಡ್ರೆ ಎತ್ತೂ ಗಬ್ಬ ಆಯ್ತದೆ. ಏನಕ್ಕ, ನೀನೂ ಸುಳ್ಳು ಹೇಳೋದು ಕಲ್ತ್ಯಾ?”

ಗುಂಪು ಗೊಳ್ಳೆಂದು ನಕ್ಕಿತು. ಅಕ್ಕನ ಮುಖ ಕೆಂಪಾಯಿತು. “ನಿನ್ನಿಷ್ಟ ಬುಡು” ಅಂದವಳೇ ಹಗ್ಗ ಬಿಗಿಹಿಡಿದು ಕಡಸಿನ ಕತ್ತು ಸವರುತ್ತ ನಿಂತಳು.

ಆ ವಾರ ಕಳೆಯುವ ಮೊದಲೇ ಕಡಸು ದಿನ ತುಂಬದೆ ಕಂದು ಹಾಕಿತು. ಹೆಣ್ಣುಗರು, ಮೈಮೇಲೆ ಕೂದಲು ಬಂದಿತ್ತು. ಅಕ್ಕ ಅದನ್ನು ತೆಂಗಿನ ಬುಡಕ್ಕೆ ಹೂಳುವಾಗ ನಾನು ಬೇಲಿಯ ಈಚೆಯೇ ನಿಂತಿದ್ದೆ. ಡಾಕ್ಟರು ಬಂದು, ಇದಕ್ಕೆ ನೂರು ಕಾರಣ ಇರಬಹುದು, ಸೂಜಿಯಿಂದಲೇ ಅಂತ ಹೇಳೋಕಾಗಲ್ಲ ಅಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ಅವಳ ಕೊಟ್ಟಿಗೆ ಕಡೆ ಕಣ್ಣು ಹಾಯಿಸದೆ ಓಡಾಡತೊಡಗಿದೆ.

ಈ ಬೇಸಿಗೆಯಲ್ಲಿ ನೊಣವಿನಕೆರೆ ಕಡೆಯ ಒಂದೆರಡು ಹಳ್ಳಿಗಳಲ್ಲಿ ಕಾಲುಬಾಯಿ ಕಾಣಿಸಿತು. ನಮ್ಮೂರಿನ ಒಂದು ಹಸುವಿಗೂ ತಗುಲಲಿಲ್ಲ. ಲಸಿಕೆ ಎಷ್ಟು ಫಲ ಕೊಟ್ಟಿದೆ, ಜನ ಯಾಕೆ ಹಿಂಜರಿಯುತ್ತಾರೆ ಅಂತ ಕೇಳಿ ತಿಳಿಯಲು ಪಶು ಇಲಾಖೆಯ ಒಬ್ಬ ಮೇಡಂ ಡೈರಿಗೇ ಬಂದರು. ಹೆಂಗಸರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಮೇಡಂ ಕೊನೆಗೆ ಕೇಳಿದರು: “ಲಸಿಕೆ ಹಾಕಿಸಿದ ಮೇಲೆ ಯಾವುದಾದ್ರೂ ಹಸುಗೆ ತೊಂದ್ರೆ ಆಗಿತ್ತಾ?”

ಗೋಡೆ ಪಕ್ಕ ಹಾಲಿನ ಕ್ಯಾನು ಹಿಡಿದು ಕೂತಿದ್ದ ಅಕ್ಕ ನನ್ನನ್ನೇ ನೋಡಿದಳು.

“ಏನೂ ಇಲ್ಲ ಮೇಡಂ” ಅಂದೆ.

ಸಂಜೆ ತಡೆಯಲಾಗದೆ ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದಳು. ನಾನು ಕೂರುವ ಮೊದಲೇ ಶುರು ಮಾಡಿದೆ.

“ಅಕ್ಕ, ಅಲ್ಲಿ ಹೇಳಿದ್ದಿದ್ರೆ ಮುಂದಿನ ಸಲ ಒಬ್ರೂ ಕೊಟ್ಟಿಗೆ ಬಾಗ್ಲು ತೆಗೀತಿರ್ಲಿಲ್ಲ. ಊರಿನ ಒಳ್ಳೇದುಕ್ಕೇ...”

“ಸೂಜಿ ಮ್ಯಾಲೆ ನಂಗ್ಯಾವ ಸಿಟ್ಟೂ ಇಲ್ಲ ಕಣೇ. ಊರು ಉಳೀತಲ್ಲ, ಮುಂದ್ಲ ಸಲಾನೂ ಹಾಕುಸ್ತೀನಿ. ಸೂಜಿಯಿಂದ್ಲೇ ಹೋಯ್ತು ಅಂತ ನಾನು ಯಾರ್ ಮುಂದಾದ್ರೂ ಅಂದಿದ್ದೀನಾ?”

“ಇಲ್ಲಕ್ಕ.”

“ಅವತ್ತು ಅಷ್ಟು ಜನದ ಮುಂದೆ ನನ್ನ ಸುಳ್ಳುಬುರುಕಿ ಮಾಡ್ದೆ. ಕರ ಸತ್ತು ಬಿದ್ದಾಗ್ಲೂ ನೀನು ‘ಅಕ್ಕ ನಿಜ ಹೇಳಿದ್ಲು’ ಅನ್ಲಿಲ್ಲ. ಇವತ್ತೂ ಅನ್ಲಿಲ್ಲ. ನಂಗೆ ಬೇಕಾಗಿದ್ದು ಅಷ್ಟೇ ಒಂದ್ ಮಾತು.”

ನನ್ನ ಕಣ್ಣಲ್ಲಿ ನೀರು ಬಂತು. ಕೈ ಹಿಡಿದುಕೊಂಡು, ತಪ್ಪಾಯ್ತಕ್ಕ ಅಂದೆ.

“ಇಲ್ಲಿ ಅಂದ್ರೆ ಯಾರಿಗ್ ಕೇಳ್ಸುತ್ತೆ?” ಅಂದಳು, ಕೈ ಬಿಡಿಸಿಕೊಳ್ಳದೆ.

ರಾತ್ರಿಯೆಲ್ಲ ‘ಅಕ್ಕ ನಿಜ ಹೇಳಿದ್ಲು’ ಅನ್ನುವ ಆ ಮಾತನ್ನು ಹೊಂದಿಸಿಕೊಂಡು ಬೆಳಿಗ್ಗೆ ಡೈರಿಗೆ ಹೋದೆ. ಅವತ್ತು ನಕ್ಕವರೆಲ್ಲ ಸಾಲಿನಲ್ಲಿದ್ದರು. ಅಕ್ಕನೂ ಇದ್ದಳು. ಇದೇ ಸಮಯ ಅಂದುಕೊಂಡು ಎದ್ದು ನಿಂತೆ. ಎಲ್ಲರೂ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ಊರಿಗೆ ಬುದ್ಧಿ ಹೇಳುವ ನನ್ನ ನಾಲಿಗೆ ಆ ಒಂದು ಮಾತನ್ನು ನುಂಗಿಬಿಟ್ಟಿತು.

“ಬೇಗ ಬೇಗ ಬನ್ರೇ, ಹಾಲಿನ ಗಾಡಿ ಬರೋ ಹೊತ್ತಾಯ್ತು” ಅಂದೆ.

ಅಕ್ಕ ತನ್ನ ಸರದಿ ಬಂದಾಗ ಹಾಲು ಅಳೆಸಿ, ಕ್ಯಾನು ತೊಳೆದುಕೊಂಡು ಹೋದಳು.