ಅತ್ತೆಗೂ ಎಮ್ಮೆಗೂ ಒಂದೇ ಜೀನು

ಮೂಗೂರಿನ ನಮ್ಮ ಮನೆಯ ಎಮ್ಮೆ ಬಿಳಿ ಕರು ಹಾಕಿದಾಗ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದೆ. ಅಪ್ಪ ಫೋನಿನಲ್ಲಿ ದನಿ ತಗ್ಗಿಸಿ, "ರೋಮೆಲ್ಲ ಬೆಳ್ಳಗೆ, ಕಣ್ಣೂ ಒಂಥರಾ ಅವೆ. ಮನೆಗಾಗಲ್ಲ, ಸಾಗಾಕು ಅಂತವ್ರೆ ಊರೋರು. ನಿಮ್ಮತ್ತೆ ಬುಡ್ತಿಲ್ಲ" ಎಂದರು.

ಅತ್ತೆ ಯಾಕೆ ಬಿಡುತ್ತಿಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಅಪ್ಪನ ಅಕ್ಕನಾದ ಅವಳು ಹುಟ್ಟಿದ್ದೂ ಹಾಗೆಯೇ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಬಿಸಿಲಿಗೆ ಕಣ್ಣು ಬಿಡಲಾರಳು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದು, ನನ್ನನ್ನು ಎತ್ತಿ ಆಡಿಸಿದವಳು.

ಭಾನುವಾರ ಊರಿಗೆ ಹೋದೆ. ಅತ್ತೆ ಕೊಟ್ಟಿಗೆಯಲ್ಲಿ ಕರುವಿನ ಮುಖಕ್ಕೆ ಸೆರಗು ಮರೆ ಹಿಡಿದು ಕೂತಿದ್ದಳು.

"ಬಿಸ್ಲು ಚುಚ್ತದೆ ಕಣವ್ವ ಇದ್ಕೆ. ನೀ ಓದ್ದೋಳು, ನೀನೇ ಯೋಳು. ಯಾಕಿಂಗಾಯ್ತದೆ?"

ಕೊಟ್ಟಿಗೆಗೆ ಅಂಟಿದ ಜಗುಲಿಯ ಮೇಲೆ ಅವಳನ್ನು ಕೂರಿಸಿಕೊಂಡು ಲ್ಯಾಪ್‌ಟಾಪ್ ತೆರೆದೆ. "ಮೈಗೆ ಬಣ್ಣ ಕೊಡೋಕೆ ಅಂತ ಜೀನ್‌ಗಳು ಇರ್ತವೆ ಅತ್ತೆ. ಅವು ಕೆಟ್ರೆ ಬಣ್ಣ ಬರಲ್ಲ. ಮನುಷ್ಯರಲ್ಲಿರೋ ಅಂಥದ್ದೊಂದು ಎಮ್ಮೇಲೂ ಅದಾ ನೋಡಣ."

ಮನುಷ್ಯರಲ್ಲಿ ಆ ಜೀನ್ ತಯಾರಿಸುವ ಪ್ರೋಟೀನನ್ನು ಅಕ್ಷರಗಳಲ್ಲಿ ಬರೆದ ಸಾಲನ್ನು ಜೀನ್ ಹೋಲಿಸುವ ಜಾಲತಾಣಕ್ಕೆ ಹಾಕಿ, ಎಮ್ಮೆಯಲ್ಲಿ ಇದಕ್ಕೆ ಹೊಂದುವುದನ್ನು ಹುಡುಕು ಎಂದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಮೇಲಿನ ಸಾಲು ಮನುಷ್ಯನದು, ಕೆಳಗಿನದು ಎಮ್ಮೆಯದು. ಎರಡೂ ಕಡೆ ಒಂದೇ ಅಕ್ಷರವಿದ್ದರೆ ನಡುವೆಯೂ ಅದೇ ಅಕ್ಷರ, ಬೇರೆಯಾದಲ್ಲಿ ಮಾತ್ರ ಖಾಲಿ. ಅಕ್ಷರ ದೊಡ್ಡದು ಮಾಡಿಕೊಟ್ಟೆ. ಅತ್ತೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, ಬೆರಳಿಟ್ಟು ಸಾಲುಸಾಲಾಗಿ ನೋಡಿದಳು.

"ಎಲ್ಲ ಒಂದೇ ಥರ ಅವಲ್ಲ ಕೂಸೇ!"

ಅವು ಆರೋಗ್ಯವಂತರ ಸಾಲುಗಳು. ಅವಳಲ್ಲಿ, ಕರುವಿನಲ್ಲಿ ಯಾವ ಜೀನು ಎಲ್ಲಿ ಕೆಟ್ಟಿದೆ ಎಂಬುದು ರಕ್ತ ಪರೀಕ್ಷೆ ಮಾಡದೆ ತಿಳಿಯದು. ಅದನ್ನೂ ಹೇಳಿದೆ. ಸಾಮಾನ್ಯವಾಗಿ ಇದು ತಾಯಿ ತಂದೆ ಇಬ್ಬರಿಂದಲೂ ಬರುತ್ತದೆ, ಅವರ ಮೈಬಣ್ಣ ಎಲ್ಲರಂತೆಯೇ ಇರುತ್ತದೆ, ಯಾರೂ ಏನೂ ಮಾಡಿರುವುದಿಲ್ಲ ಎಂದೆ.

ಅತ್ತೆ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದಳು.

"ನಮ್ಮವ್ವ ಬಸುರೀಲಿ ಸೂರ್ಯನ ಗ್ರಾಣ ನೋಡ್ಬುಟ್ಲು, ಅದ್ಕೇ ನಾನಿಂಗೆ ಅನ್ನೋರು. ಸಾಯೋಗಂಟ ನನ್ ತಲೆ ಸವರ್ಕಂಡು ಅಳೋಳು." ಅವಳು ಮೆಲುಕು ಹಾಕುತ್ತಿದ್ದ ತಾಯೆಮ್ಮೆಯ ಕಡೆ ತಿರುಗಿದಳು. "ನೀ ಯಾವ ಗ್ರಾಣ ನೋಡಿದ್ದವ್ವ?"

ತನ್ನ ಮಾತಿಗೆ ತಾನೇ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ಅಂಗಾರೆ ನಮ್ಮವ್ವಂದೇನೂ ತಪ್ಪಿರ್ನಿಲ್ಲ ಅನ್ನು."

"ಏನೂ ಇರ್ಲಿಲ್ಲ ಅತ್ತೆ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ಹಿತ್ತಿಲಿಗೆ ಹೋದರು. ಸಂಜೆಯೊಳಗೆ ಕೊಟ್ಟಿಗೆಗೆ ಬಿಸಿಲು ಬೀಳುವ ಪಡುವಲ ಕಡೆಗೆ ತೆಂಗಿನ ಗರಿಯ ತಡಿಕೆ ಕಟ್ಟಿದ್ದರು. ಕರು ಮಾರುವ ಮಾತು ಮತ್ತೆ ಬರಲಿಲ್ಲ.

ಅದು ಬೆಳೆದು ಕಳೆದ ವರ್ಷ ಕರು ಹಾಕಿತು. ಫೋನು ಮಾಡಿ ಹೇಗಿದೆ ಎಂದು ಕೇಳಿದೆ.

"ಕರ್ರಗದೆ ಕಣವ್ವ" ಎಂದಳು ಅತ್ತೆ. "ಆದ್ರೂ ಚೆಂದಾಗದೆ."